ಕಡ್ಡಿ ಹಾಕೂ ಮುಂಚೆ ಯಾವ ಹೋರಿ ಅಂತ ಕೇಳ್ರಿ

ಮಗಳನ್ನ ಕೊಡೂ ಮುಂದ ಬೀಗರ ಮನಿತನ, ಊರು, ಹೊಲ ಎಲ್ಲಾ ವಿಚಾರಿಸ್ತೀವಿ. ಬೆದಿಗೆ ಬಂದ ಆಕಳಿಗೆ ಮಾತ್ರ ಯಾವ ಹೋರಿ ಅಂತ ಒಬ್ಬರೂ ಕೇಳೂದಿಲ್ಲ. ಇದು ನಮ್ಮ ತಪ್ಪು.

ನಾನು ಕೃತಕ ಗರ್ಭಧಾರಣೆಯ ವೈರಿ ಅಲ್ಲ. ಮೈನಸ್ 196 ಡಿಗ್ರಿ ಥಂಡ್ಯಾಗ, ಸಾರಜನಕದ ಕ್ಯಾನಿನೊಳಗ ಇಟ್ಟ ವೀರ್ಯದ ಕಡ್ಡಿ ವರ್ಷಗಟ್ಟಲೆ ಕೆಡೂದಿಲ್ಲ, ಎಷ್ಟು ದೂರದಿಂದಾದರೂ ಬರ್ತದ. ಹೋರಿ ಸಾಕೂ ಖರ್ಚೂ ಇಲ್ಲ. ಆದರ ದೂರದಿಂದ ತರೂದೇ ಅಂದಮ್ಯಾಲ ಒಳ್ಳೆ ಖಿಲಾರಿ ಹೋರಿದ ಕಡ್ಡಿ ಯಾಕ ತರಬಾರದು?

ನಮ್ಮ ಜತ್ತ ತಾಲೂಕು ಬರಗಾಲದ ಸೀಮೆ. ಇಲ್ಲಿಯ ಬಿಸಿಲು ತಡಕೊಂಡು, ಒಣ ಕಣಕಿ ತಿಂದು ದುಡಿಯೂ ತಳಿ ಖಿಲಾರಿ. ನನ್ನ ಖಿಲಾರಿ ಆಕಳಿಗೆ ಒಮ್ಮೆ, ನನ್ನ ಒಂದು ಮಾತೂ ಕೇಳದೆ, ಹೆಚ್.ಎಫ್. ಕಡ್ಡಿ ಹಾಕಿದರು. ಹುಟ್ಟಿದ್ದು ಗಂಡುಗರು. ಡುಬ್ಬ ಸಣ್ಣದು, ಮಧ್ಯಾಹ್ನ ಆದರ ಸಾಕು, ನೆರಳಾಗ ನಿಂತು ತೇಕತಿತ್ತು. ನೊಗಕ್ಕ ಬರಲೇ ಇಲ್ಲ. ಹಾಲು ಹೆಚ್ಚಾಗ್ತದ ಅಂತಾರ. ಖರೇ, ಹೆಣ್ಣುಗರು ಹುಟ್ಟಿ, ಹಸಿ ಮೇವು, ನೀರು ಇದ್ದವನಿಗೆ. ಟ್ಯಾಂಕರ್ ದಾರಿ ಕಾಯೂ ನಮಗ?

ನಲವತ್ತು ವರ್ಷ ಕಾರಹುಣ್ಣಿಮಿಗೆ ಎತ್ತಿನ ಮುಂದ ಹಾಡೀನಿ. ಎತ್ತೇ ಇಲ್ಲದ ಓಣ್ಯಾಗ ಯಾರ ಮುಂದ ಹಾಡ್ಲಿ?

ಕಡ್ಡಿ ಮ್ಯಾಲ ತಳಿ, ಹೋರಿ ನಂಬರ್ ಬರೆದಿರ್ತದ. ಕೇಳ್ರಿ, ಬರೆದಿಟ್ಕೋರಿ. ಇಂಗ್ಲಿಷ್ ಅಕ್ಷರ ತಿಳೀದಿದ್ದರ ಸಾಲಿ ಹುಡುಗರನ್ನ ಕರೀರಿ. ಮಾಸ್ತರರೇ, ಇದನ್ನೂ ಒಂದು ಪಾಠ ಮಾಡ್ರಿ. ಖಿಲಾರಿ ಕಡ್ಡಿ ಇಲ್ಲ ಅಂದರ, ತರಿಸಿಕೊಡ್ರಿ ಅಂತ ಊರೆಲ್ಲಾ ಸೇರಿ ಅರ್ಜಿ ಕೊಡೋಣ. ಬೆದಿ ತಪ್ಪಿದರ ಮೂರು ವಾರಕ್ಕ ಮತ್ತ ಬರ್ತದ. ತಳಿ ಹೋದರ ಮತ್ತ ಬರೂದಿಲ್ಲ.