ನಗಲೊಲ್ಲದ ಗಾಯಕ

ಹಾಡುಗಾರನಾದವನು ಸಭೆಯನ್ನು ನೋಡಿ ಒಮ್ಮೆಯಾದರೂ ಮುಗುಳ್ನಗಬೇಕೆಂಬುದು ಲೋಕರೂಢಿ. ಹಾಡು ಶೋಕದ್ದೇ ಆಗಿರಲಿ, ಅದು ಮುಗಿದ ಮೇಲೆ ಚಪ್ಪಾಳೆಗೆ ಪ್ರತಿಯಾಗಿ ತುಟಿಯ ಅಂಚಾದರೂ ಅರಳದಿದ್ದರೆ ಕೇಳಿದವರಿಗೆ ಏನೋ ಕೊರತೆಯೆನಿಸುತ್ತದೆ. ಇಂಗ್ಲೆಂಡಿನ ಕವೆಂಟ್ರಿ ನಗರದ ಟೆರ್ರಿ ಹಾಲ್ ಎಂಬ ಗಾಯಕ ಈ ರೂಢಿಗೆ ಎಂದೂ ತಲೆಬಾಗಲಿಲ್ಲ. ಎದುರಿಗೆ ಸಾವಿರಾರು ಮಂದಿ ಕುಣಿದು ಕುಪ್ಪಳಿಸುತ್ತಿದ್ದರೂ ಆತ ಮಾತ್ರ ರೈಲು ತಪ್ಪಿಸಿಕೊಂಡ ಪ್ರಯಾಣಿಕನ ಮುಖ ಹೊತ್ತು ಹಾಡುತ್ತಿದ್ದ. ಅಂಥವನು 2022ರ ಡಿಸೆಂಬರ್ 18ರಂದು, ತನ್ನ 63ನೆಯ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡನು. ಆ ಸುದ್ದಿ ಕೇಳಿ, ಮೊಮ್ಮಕ್ಕಳನ್ನು ಕಂಡ ವಯಸ್ಸಿನ ಗೃಹಸ್ಥರೂ ಗೃಹಿಣಿಯರೂ ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ದುಃಖಪಟ್ಟರು. ನಗದವನಿಗಾಗಿ ಇಷ್ಟು ಜನ ಅಳುವುದೆಂದರೆ ಅದಕ್ಕೊಂದು ಕಾರಣ ಇರಲೇಬೇಕಷ್ಟೆ.

ಕಾರಣವನ್ನು ಅರಿಯಬೇಕಾದರೆ ಮೊದಲು ಆ ಊರನ್ನು ಅರಿಯಬೇಕು. ಕವೆಂಟ್ರಿ ಮೋಟಾರು ಕಾರುಗಳ ಊರು. 1940ರ ನವೆಂಬರಿನ ಒಂದು ರಾತ್ರಿ ಜರ್ಮನ್ ವಿಮಾನಗಳು ಸುರಿದ ಬಾಂಬುಗಳಿಗೆ ಅದರ ಪುರಾತನ ಇಗರ್ಜಿಯೂ ಪೇಟೆಯೂ ಉರಿದುಹೋದವು. ಯುದ್ಧ ಮುಗಿದ ಮೇಲೆ ಊರು ಮತ್ತೆ ಎದ್ದು ನಿಂತಿತು. ಕಾರ್ಖಾನೆಗಳಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಜಮೈಕಾ ದ್ವೀಪದಿಂದಲೂ ನಮ್ಮ ಪಂಜಾಬಿನಿಂದಲೂ ಜನ ಹೋಗಿ ಅಲ್ಲಿ ನೆಲೆಸಿದರು. 1970ರ ದಶಕ ಮುಗಿಯುವ ಹೊತ್ತಿಗೆ ಆ ಕಾರ್ಖಾನೆಗಳ ಚಕ್ರ ನಿಧಾನವಾಯಿತು. ಕೆಲಸವಿದ್ದಾಗ ನೆರೆಯವನಾಗಿದ್ದವನು ಕೆಲಸ ಹೋದಾಗ ಹೊರಗಿನವನಾಗಿ ಕಾಣತೊಡಗಿದ. ಬಿಳಿಯರಲ್ಲದವರನ್ನು ದೇಶದಿಂದ ಅಟ್ಟಬೇಕೆಂದು ಸಾರುತ್ತಿದ್ದ ನ್ಯಾಷನಲ್ ಫ್ರಂಟ್ ಎಂಬ ಪಕ್ಷ ನಿರುದ್ಯೋಗಿ ಹುಡುಗರ ಕಿವಿಯಲ್ಲಿ ವಿಷ ಊದುತ್ತಿದ್ದ ಕಾಲ ಅದು.

ಆ ಊರಿನಲ್ಲಿ, ಆ ಕಾಲದಲ್ಲಿ, ಏಳು ಮಂದಿ ತರುಣರು ಕೂಡಿ ಒಂದು ವಾದ್ಯಮೇಳ ಕಟ್ಟಿದರು. ಅದಕ್ಕೆ ಸ್ಪೆಷಲ್ಸ್ ಎಂಬ ಹೆಸರು ನಿಂತಿತು. ಏಳರಲ್ಲಿ ಐವರು ಬಿಳಿಯರು. ಲಿನ್‌ವಲ್ ಗೋಲ್ಡಿಂಗ್ ಮತ್ತು ನೆವಿಲ್ ಸ್ಟೇಪಲ್ ಎಂಬಿಬ್ಬರು ಜಮೈಕಾದಲ್ಲಿ ಹುಟ್ಟಿದ ಕರಿಯರು. ಮೇಳದ ಸೂತ್ರಧಾರ ಜೆರ್ರಿ ಡ್ಯಾಮರ್ಸ್. ಈತ ಪಾದ್ರಿಯೊಬ್ಬರ ಮಗ. ಹುಟ್ಟಿದ್ದು 1955ರಲ್ಲಿ, ನಮ್ಮ ಮೈಸೂರಿನವರು ಬೇಸಗೆಗೆ ಹೋಗಿ ಬರುವ ಊಟಿಯಲ್ಲಿ ಎಂದರೆ ಓದುಗರಿಗೆ ಸೋಜಿಗವಾದೀತು.

ಇವರು ಹಿಡಿದ ಸಂಗೀತವೂ ಅವರ ಮೇಳದಂತೆಯೇ ಎರಡು ಮೂಲಗಳ ಕೂಡಿಕೆ. ಒಂದು, ಜಮೈಕಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಸ್ಕಾ ಎಂಬ ಕುಣಿತದ ಸಂಗೀತ. ನಾವು ಭಜನೆಯಲ್ಲಿ ತಾಳ ಹಾಕುತ್ತೇವಲ್ಲವೆ? ಎರಡು ಚಪ್ಪಾಳೆಗಳ ನಡುವೆ ಉಳಿಯುವ ಆ ಬಿಡುವಿನಲ್ಲಿ ಗಿಟಾರಿನ ಚುಟುಕು ಪೆಟ್ಟು ಬಿದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಅದೇ ಸ್ಕಾದ ಜೀವಾಳ. ಕೇಳಿದವರ ಮೊಣಕಾಲು ತಾನಾಗಿ ಮೇಲೇಳುತ್ತದೆ. ಇನ್ನೊಂದು, 1976ರ ಸುಮಾರಿಗೆ ಲಂಡನ್ನಿನಲ್ಲಿ ಸಿಡಿದ ಪಂಕ್ ಎಂಬ ಸಿಟ್ಟಿನ ಸಂಗೀತ. ಅದಕ್ಕೆ ವಿದ್ವತ್ತು ಬೇಡ, ನಯ ಬೇಡ, ಹೇಳಲೇಬೇಕಾದ ಮಾತೊಂದಿದ್ದರೆ ಸಾಕು. ಕರಿಯರ ಕುಣಿತಕ್ಕೆ ಬಿಳಿಯ ಹುಡುಗರ ಸಿಟ್ಟನ್ನು ಹೊಸೆದಾಗ ಒಂದು ಹೊಸ ಹುರಿ ಸಿದ್ಧವಾಯಿತು. ಡ್ಯಾಮರ್ಸ್ 1979ರಲ್ಲಿ ಸ್ಥಾಪಿಸಿದ ಧ್ವನಿಮುದ್ರಿಕೆಗಳ ಸಂಸ್ಥೆಯ ಹೆಸರೂ ಟೂ ಟೋನ್, ಅಂದರೆ ಇಬ್ಬಣ್ಣ. ಅದರ ಗುರುತು ಕಪ್ಪು ಬಿಳುಪಿನ ಚೌಕಳಿ. ಹಿರಿಯರನ್ನೂ ಇವರು ಮರೆಯಲಿಲ್ಲ. 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಹಾಡಿದ್ದ ಹಾಡೊಂದನ್ನು 1979ರಲ್ಲಿ ಸ್ಪೆಷಲ್ಸ್ ಮತ್ತೆ ಹಾಡಿದಾಗ, ಮೂಲದಲ್ಲಿ ಟ್ರೋಂಬೋನ್ ಊದಿದ್ದ ಜಮೈಕಾದ ರಿಕೋ ರೊಡ್ರಿಗಸ್ ಅವರನ್ನೇ ಕರೆತಂದು ಊದಿಸಿದರು.

ಇನ್ನು ಟೆರ್ರಿ ಹಾಲ್. 1959ರ ಮಾರ್ಚ್ 19ರಂದು ಕವೆಂಟ್ರಿಯಲ್ಲಿ ಹುಟ್ಟಿದ. ಆತನ ಬಂಧುಗಳಲ್ಲಿ ಬಹುಮಂದಿ ಮೋಟಾರು ಉದ್ಯಮವನ್ನೇ ನಂಬಿದ್ದವರು. ಹನ್ನೆರಡನೆಯ ವಯಸ್ಸಿನಲ್ಲಿ ದುರುಳರ ಕೈಗೆ ಸಿಕ್ಕಿ ಅಪಹರಣಕ್ಕೊಳಗಾಗಿ, ಮಗುವೊಂದು ಪಡಬಾರದ ಪಾಡನ್ನೆಲ್ಲ ಪಟ್ಟನೆಂದು ಮುಂದೆ ಆತನೇ ಬಹಿರಂಗವಾಗಿ ಹೇಳಿಕೊಂಡ. ಓದು ಅರ್ಧಕ್ಕೆ ನಿಂತಿತು. ಮನಸ್ಸಿಗೆ ಕವಿದ ಮಬ್ಬು ಆಯುಷ್ಯದುದ್ದಕ್ಕೂ ಬಂದು ಹೋಗುತ್ತಲೇ ಇತ್ತು. ಆ ಮುಖದಲ್ಲಿ ನಗೆಯಿಲ್ಲವೆಂದು ಹಾಸ್ಯ ಮಾಡಿದ ಪತ್ರಿಕೆಗಳಿಗೆ ಈ ಸಂಗತಿ ಆಗ ತಿಳಿದಿರಲಿಲ್ಲ. ಆದರೆ ಎದುರಿಗೆ ನಿಂತ ಹುಡುಗ ಹುಡುಗಿಯರಿಗೆ ತಿಳಿಯದೆಯೇ ಅರ್ಥವಾಗಿತ್ತೆಂದು ತೋರುತ್ತದೆ. ಕೆಲಸವಿಲ್ಲದೆ, ನಾಳೆಯೆಂಬುದು ಕಾಣದೆ ಬಂದು ನಿಂತವರಿಗೆ, ವೇದಿಕೆಯ ಮೇಲಿನವನು ತಮ್ಮನ್ನು ರಮಿಸಲು ಸುಳ್ಳು ನಗೆ ತೊಡುತ್ತಿಲ್ಲ ಎಂಬುದೇ ದೊಡ್ಡ ಸಮಾಧಾನ.

ಆ ಕಚೇರಿಗಳನ್ನು ನೆನೆದು ಅಭಿಮಾನಿಗಳು ಹೇಳುವ ಮಾತುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರುತ್ತದೆ. ಕೊನೆಯ ಹಾಡುಗಳ ವೇಳೆಗೆ ಕೇಳುಗರೆಲ್ಲ ವೇದಿಕೆಯನ್ನೇರಿ ಗಾಯಕರ ಜೊತೆಗೇ ಕುಣಿಯುತ್ತಿದ್ದರು. ಕರಿಯ ಯಾರು, ಬಿಳಿಯ ಯಾರು, ಹಾಡುವವರು ಯಾರು, ಕೇಳುವವರು ಯಾರು ಎಂದು ವಿಂಗಡಿಸಲು ಬರುತ್ತಿರಲಿಲ್ಲ. ಆದರೆ ಎಲ್ಲ ರಾತ್ರಿಗಳೂ ಹಾಗೆ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ಜನಾಂಗದ್ವೇಷದ ಪುಂಡರು ಸಭೆಯೊಳಗೇ ನುಗ್ಗಿ ಹೊಡೆದಾಟಕ್ಕಿಳಿಯುತ್ತಿದ್ದರು. ಆಗ ಹಾಲ್ ಹಾಡನ್ನು ನಿಲ್ಲಿಸಿ ಗದರಿಸುತ್ತಿದ್ದ. 1980ರಲ್ಲಿ ಕೇಂಬ್ರಿಜ್ಜಿನಲ್ಲಿ ಗಲಭೆಯನ್ನು ತಡೆಯಹೋದ ಹಾಲ್ ಮತ್ತು ಡ್ಯಾಮರ್ಸ್ ಇಬ್ಬರನ್ನೂ ಪೊಲೀಸರು ಹಿಡಿದೊಯ್ದರು; ಗಲಭೆಗೆ ಕುಮ್ಮಕ್ಕು ಕೊಟ್ಟರೆಂದು ನ್ಯಾಯಾಲಯದಲ್ಲಿ ಅವರೇ ದಂಡ ತೆರಬೇಕಾಯಿತು. ಜಗಳ ಬಿಡಿಸಲು ಹೋದವನಿಗೇ ಪೆಟ್ಟು ಎಂಬ ಮಾತು ಎಲ್ಲ ದೇಶಕ್ಕೂ ಸಲ್ಲುತ್ತದೆ.

1981 ಬಂದಿತು. ಆ ವರ್ಷದ ಏಪ್ರಿಲಿನಲ್ಲಿ, ಕವೆಂಟ್ರಿಯ ನಡುಪೇಟೆಯಲ್ಲಿ, ಸಿಖ್ ಮನೆತನದ 20 ವರ್ಷದ ವಿದ್ಯಾರ್ಥಿಯೊಬ್ಬನನ್ನು ಪುಂಡರ ಗುಂಪೊಂದು ಇರಿದು ಕೊಂದಿತು. ಜೂನ್ ತಿಂಗಳಲ್ಲಿ ಸ್ಪೆಷಲ್ಸ್ ತಮ್ಮ ಊರಿನ ಕ್ರೀಡಾಂಗಣದಲ್ಲಿ ಜನಾಂಗ ಸೌಹಾರ್ದಕ್ಕಾಗಿ ಬಯಲು ಕಚೇರಿಯೊಂದನ್ನು ನಡೆಸಿದರು. ಅದೇ ದಿನ ಊರಿನಲ್ಲಿ ಮೆರವಣಿಗೆ ಹೊರಡಿಸುವೆವೆಂದು ನ್ಯಾಷನಲ್ ಫ್ರಂಟ್ ಸಾರಿದ್ದರೂ ಇವರು ಹಿಂಜರಿಯಲಿಲ್ಲ. ಅದೇ ಜೂನಿನಲ್ಲಿ ಅವರ 'ಘೋಸ್ಟ್ ಟೌನ್' ಎಂಬ ಹಾಡಿನ ತಟ್ಟೆ ಹೊರಬಿದ್ದಿತು. ಬಾಗಿಲು ಮುಚ್ಚಿದ ಅಂಗಡಿಗಳ, ಕೆಲಸವಿಲ್ಲದ ಹುಡುಗರ, ಹಾಳು ಸುರಿಯುವ ಊರಿನ ಹಾಡು ಅದು. ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷವನ್ನು ಮೀರಿತ್ತು. ಜುಲೈ ತಿಂಗಳಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್, ಲಂಡನ್ನಿನ ಸೌತಾಲ್ ಮೊದಲಾದೆಡೆ ದಂಗೆಗಳು ಹೊತ್ತಿಕೊಂಡಾಗ, ಬಾನುಲಿಯಲ್ಲಿ ದೇಶದ ಮೊದಲನೆಯ ಸ್ಥಾನ ಪಡೆದು ಮೂರು ವಾರ ಮೊಳಗಿದ್ದು ಇದೇ ಹಾಡು. ಹಾಡು ಹೊತ್ತಿಗೆ ಸರಿಯಾಗಿ ಬರುವುದು ಅಪರೂಪ. ಬಂದಾಗ ಅದು ಹಾಡಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ.

ಕೀರ್ತಿಯ ತುದಿಗೇರಿದ ಆ ಗಳಿಗೆಯಲ್ಲೇ ಮೇಳ ಒಡೆಯಿತು. ಹಾಲ್, ಸ್ಟೇಪಲ್, ಗೋಲ್ಡಿಂಗ್ ಮೂವರೂ ಹೊರನಡೆದು ಫನ್ ಬಾಯ್ ತ್ರೀ ಎಂಬ ಹೊಸ ಮೇಳ ಕಟ್ಟಿಕೊಂಡರು. ಬಣ್ಣದ ಭೇದವನ್ನು ಗೆದ್ದವರಿಗೂ ಒಡನಾಡಿಗಳ ಮನಸ್ತಾಪವನ್ನು ಗೆಲ್ಲಲಾಗಲಿಲ್ಲ. ಕೂಡು ಕುಟುಂಬಗಳನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. ಡ್ಯಾಮರ್ಸ್ ಉಳಿದವರೊಡನೆ ಮುಂದುವರಿದು 1984ರಲ್ಲಿ ನೆಲ್ಸನ್ ಮಂಡೇಲಾರ ಬಿಡುಗಡೆಗಾಗಿ ಹಾಡೊಂದನ್ನು ಹೊರತಂದ. 2009ರಲ್ಲಿ ಮೇಳ ಮತ್ತೆ ಒಗ್ಗೂಡಿ ಊರೂರು ಸುತ್ತಿದಾಗ ಮಾತ್ರ ಅವನು ಅದರಲ್ಲಿರಲಿಲ್ಲ. 2015ರಲ್ಲಿ ಹಿರಿಯ ರಿಕೋ ರೊಡ್ರಿಗಸ್ ತೀರಿಕೊಂಡರು. ಅದೇ ವರ್ಷದ ಕೊನೆಗೆ ಡ್ರಮ್ ನುಡಿಸುತ್ತಿದ್ದ ಜಾನ್ ಬ್ರಾಡ್‌ಬರಿಯೂ ತೀರಿಕೊಂಡ.

ಹಾಗಾದರೆ ಆ ಹಾಡುಗಳಿಂದ ಆದದ್ದೇನು ಎಂದು ಕೇಳಬಹುದು. ಚೂರಿ ಹಿಡಿದ ಕೈಯನ್ನು ಅವು ತಡೆಯಲಿಲ್ಲ. ಮುಚ್ಚಿದ ಕಾರ್ಖಾನೆಯ ಬಾಗಿಲನ್ನು ತೆರೆಯಲಿಲ್ಲ. ಹಾಡಿಗೆ ಅಂಥ ಶಕ್ತಿಯಿದೆಯೆಂದು ಹೇಳುವವರು ಹಾಡನ್ನೂ ಅರಿಯರು, ಲೋಕವನ್ನೂ ಅರಿಯರು. ಆದರೂ ಈ ಪ್ರಶ್ನೆಗೆ ಉತ್ತರವೊಂದು 36 ವರ್ಷ ತಡವಾಗಿ ಬಂದಿತು. 2017ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ, ಮುಸ್ಲಿಮರ ವಿರುದ್ಧ ಕೂಗಾಡುತ್ತಿದ್ದ ಗುಂಪಿನವನೊಬ್ಬ ಸಫಿಯಾ ಖಾನ್ ಎಂಬ ತರುಣಿಯ ಮುಖಕ್ಕೆ ಮುಖ ತಂದು ನಿಂತ. ಆಕೆ ಜೇಬಿನಲ್ಲಿ ಕೈಯಿಟ್ಟು, ಹೆಜ್ಜೆ ಹಿಂದಿಡದೆ, ಅವನನ್ನು ನೋಡಿ ಮುಗುಳ್ನಕ್ಕಳು. ಆ ಛಾಯಾಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆಕೆ ತೊಟ್ಟಿದ್ದ ಅಂಗಿಯ ಮೇಲಿದ್ದುದು ಸ್ಪೆಷಲ್ಸ್ ಮೇಳದ ಹೆಸರು. ಮೇಳ ಮೊದಲ ಸಲ ಒಡೆದಾಗ ಆಕೆ ಹುಟ್ಟಿಯೇ ಇರಲಿಲ್ಲ! ಹಾಲ್ ಮತ್ತು ಸಂಗಡಿಗರು ಆಕೆಯನ್ನು ಬರಮಾಡಿಕೊಂಡು, ಹೆಂಗಸರಿಗೆ ಹತ್ತು ಕಟ್ಟಳೆ ವಿಧಿಸುವ ಜಮೈಕಾದ ಹಳೆಯ ಹಾಡೊಂದಕ್ಕೆ ಆಕೆಯ ಬಾಯಿಂದಲೇ ಉತ್ತರ ಹೇಳಿಸಿದರು. ಅದು ಸೇರಿದ 'ಎನ್‌ಕೋರ್' ಎಂಬ ಮುದ್ರಿಕೆ 2019ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲನೆಯದಾಯಿತು.

ಅಭಿಮಾನವೆಂದರೆ ಕಳೆದುಹೋದ ಯೌವನದ ಹಂಬಲ ಎಂದು ಲಘುವಾಗಿ ಆಡುವವರುಂಟು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಹಾಲ್‌ಗಾಗಿ ಮರುಗಿದವರು ನೆನೆದದ್ದು ತಮ್ಮ ಯೌವನವನ್ನು ಮಾತ್ರವಲ್ಲ. ಯಾರ ಪಕ್ಕದಲ್ಲಿ ನಿಂತು ಆ ಯೌವನವನ್ನು ಕಳೆದೆವೆಂಬುದನ್ನು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ದ್ವೇಷಿಸುವುದೇ ಸುಲಭವಾಗಿದ್ದ ಊರಿನಲ್ಲಿ, ತಮ್ಮನ್ನು ಬೇರೆ ಬಣ್ಣದವರ ತೋಳಿಗೆ ತೋಳು ಕೊಟ್ಟು ಕುಣಿಯುವಂತೆ ಮಾಡಿದವನ ಋಣ ಅದು. ಮುಂದೆ ಮಕ್ಕಳು ಮರಿಯಾಗಿ, ಮನೆ ಮಾರು ಮಾಡಿ, ಯಾರನ್ನು ನೆರೆಯವರೆನ್ನಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಆ ಕುಣಿತ ಅವರ ಮೈಯಲ್ಲಿ ನೆನಪಾಗಿ ಉಳಿದಿತ್ತು.

2022ರ ನವೆಂಬರಿನಲ್ಲಿ ಲಾಸ್ ಏಂಜಲೀಸಿಗೆ ಹೋಗಿ ರೆಗ್ಗೆ ಹಾಡುಗಳ ಹೊಸ ಮುದ್ರಿಕೆಯೊಂದನ್ನು ಮಾಡಬೇಕೆಂದು ಸಂಗಡಿಗರು ಏರ್ಪಾಡು ಮಾಡಿಕೊಂಡಿದ್ದರು. ಕಾಯಿಲೆ ಅದಕ್ಕೆ ಎಡೆಗೊಡಲಿಲ್ಲ. ಹಾಲ್ ಹೋದ ಸುದ್ದಿಯನ್ನು ತಿಳಿಸುವಾಗ ಅವರು ಒಂದು ಸಂಗತಿಯನ್ನು ನೆನಪಿಸಿದರು. ಕಚೇರಿ ಮುಗಿದು ವೇದಿಕೆಯಿಂದ ಇಳಿಯುವಾಗ ಆತ ಎಷ್ಟೋ ಸಲ ಒಂದೇ ಪದವನ್ನು ಮೂರು ಸಲ ಹೇಳಿ ಹೋಗುತ್ತಿದ್ದನಂತೆ. ಆ ಪದ 'ಪ್ರೀತಿ'. ಅದನ್ನು ಹೇಳುವುದಕ್ಕೆ ನಗಲೇಬೇಕೆಂದೇನೂ ಇಲ್ಲ.