ಗಂಡಸರ ಸದ್ದು, ಹೆಂಗಸರ ಲೆಕ್ಕ

ಮನೆಗೆ ಒಂದು ಮಿಕ್ಸಿ ತರಬೇಕಾದರೆ ಮೂರು ತಿಂಗಳು ಚರ್ಚೆ ನಡೆಯುತ್ತದೆ. ಹಳೆಯದಕ್ಕೆ ಏನಾಗಿದೆ, ಬ್ಲೇಡು ಸಾಣೆ ಹಿಡಿಸಿದರೆ ಸಾಲದೆ, ಹಿತ್ತಲಲ್ಲಿ ಒರಳುಕಲ್ಲು ಇದೆಯಲ್ಲ ಎಂಬಲ್ಲಿಯವರೆಗೂ ಮಾತು ಹೋಗುತ್ತದೆ. ಅದೇ ಮನೆಗೆ ಹೊಸ ಸ್ಪೀಕರ್ ಪೆಟ್ಟಿಗೆ ಬರಲು ಒಂದು ಸಂಜೆ ಸಾಕು. "ಸೌಂಡ್ ಸಾಲವಲ್ದು" ಎಂದು ಯಜಮಾನರು ಹೇಳುತ್ತಾರೆ, ಮೂರನೆಯ ದಿನ ಕೊರಿಯರ್ ಹುಡುಗ ಬಾಗಿಲು ತಟ್ಟುತ್ತಾನೆ. ಯಾರಿಗೆ ಸಾಲುತ್ತಿಲ್ಲ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಕೇಳೋಣವೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ತಲೆಮಾರಿನವರು ಈ ಮೆರವಣಿಗೆಯನ್ನು ಮೊದಲಿನಿಂದ ನೋಡಿದವರು. ಎಪ್ಪತ್ತರ ದಶಕದಲ್ಲಿ ಅಪ್ಪನ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದ ರೇಡಿಯೋ. ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟೂ-ಇನ್-ಒನ್, ಜೋಡಿ ಪೆಟ್ಟಿಗೆಯ ಡೆಕ್ಕು, ಸಿ.ಡಿ., ಹೋಮ್ ಥಿಯೇಟರ್, ಈಗ ಟಿ.ವಿ. ಕೆಳಗೆ ಉದ್ದಕ್ಕೆ ಮಲಗಿರುವ ಸೌಂಡ್‌ಬಾರ್. ಒಂದೊಂದು ಬಂದಾಗಲೂ "ಇನ್ನು ಸಾಯೋತನಕ ಬೇರೆ ಬೇಡ" ಎಂಬ ಭರವಸೆ. ಸಾಯುವ ಮಾತು ಹಾಗಿರಲಿ, ಕಂತು ತೀರುವ ಮೊದಲೇ ಇನ್ನೊಂದರ ಚಿತ್ರ ಫೋನಿನಲ್ಲಿ ಹೊಳೆಯುತ್ತಿರುತ್ತದೆ.

ಇವರು ಮಾತಿಗೆ ಮುಂಚೆ ಹೇಳುವ ವಾಟ್ ಲೆಕ್ಕವನ್ನೇ ತೆಗೆದುಕೊಳ್ಳಿ. ನಾನು ಬಿ.ಎ. ಓದಿದವಳು, ಇದನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರಿಂದ ಕೇಳಿ ತಿಳಿದುಕೊಂಡೆ. ೫೦ ವಾಟಿನದನ್ನು ಕೊಟ್ಟು ೧೦೦ ವಾಟಿನದನ್ನು ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಮೂರೇ ಡೆಸಿಬಲ್, ಕಿವಿಗೆ ಸ್ವಲ್ಪ ಜಾಸ್ತಿ ಎನಿಸುವಷ್ಟು. ನಿಜವಾಗಿ ಇಮ್ಮಡಿ ಎನಿಸಬೇಕಾದರೆ ಹತ್ತು ಪಟ್ಟು, ಎಂದರೆ ೫೦೦ ವಾಟ್ ಬೇಕು. ಇನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುವ 'ಪಿ.ಎಂ.ಪಿ.ಓ.' ಎಂಬುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅಬ್ಬರದ ಲೆಕ್ಕ. ಬಾಳಿಕೆಯ ಲೆಕ್ಕ 'ಆರ್.ಎಂ.ಎಸ್.' ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಜಾಹೀರಾತಿನ ಸಾವಿರಾರು ವಾಟ್ ಅಲ್ಲಿಗೆ ಬರುವಷ್ಟರಲ್ಲಿ ಹತ್ತಿಪ್ಪತ್ತಕ್ಕೆ ಇಳಿದಿರುತ್ತದೆ. ಅರ್ಧ ಕೆ.ಜಿ. ತೊಗರಿಬೇಳೆಗೆ ತಕ್ಕಡಿಯ ಮುಳ್ಳು ನೋಡುವ ನಾವು ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೇವೆ.

ಸಾಮಾನ್ಯ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ೮೫ರಿಂದ ೯೦ ಡೆಸಿಬಲ್ ಸದ್ದು ಬರುತ್ತದಂತೆ. ವಾಸದ ಬಡಾವಣೆಗೆ ೨೦೦೦ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಾಕಿದ ಮಿತಿ ಹಗಲು ೫೫ ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ಆ ಮನೆಯ ಕಾಂಪೌಂಡಿನ ಅಂಚಿನಲ್ಲಿ ಈ ಮಿತಿಗಿಂತ ಐದು ಡೆಸಿಬಲ್ಲಿಗೆ ಮೇಲೆ ಹೋಗಬಾರದೆಂದೂ ಅದರಲ್ಲಿದೆ. ಡಿ.ಜೆ. ಮೆರವಣಿಗೆಗೆ ಮಾತ್ರ ಕಾನೂನು ಎಂದುಕೊಂಡವರು ಇದನ್ನು ಗಮನಿಸಬೇಕು. ಹತ್ತು ಹನ್ನೆರಡು ಅಡಿಯ ಕೋಣೆ, ನೆಲಕ್ಕೆ ಗ್ರಾನೈಟು, ಆಚೆ ಮನೆಗೂ ಈಚೆ ಮನೆಗೂ ಒಂದೇ ಗೋಡೆ. ಹಾಡಿನ ಮಾತು ಗೋಡೆಯಲ್ಲಿ ತಡೆದರೂ ಬಾಸ್ ದಾಟಿ ಹೋಗುತ್ತದೆ. ಆಚೆ ಕಡೆ ಎಸ್.ಎಸ್.ಎಲ್.ಸಿ. ಹುಡುಗಿಯೊಬ್ಬಳು ಮಾರ್ಚ್ ತಿಂಗಳಲ್ಲಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಪ್ರಮೇಯ ಉರು ಹೊಡೆಯುತ್ತಿರುತ್ತಾಳೆ. ನನ್ನ ತರಗತಿಗೆ ನಿದ್ದೆಗಣ್ಣಿನಲ್ಲಿ ಬಂದ ಇಂಥ ಹುಡುಗಿಯರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ನಮ್ಮ ಸೀಮೆಗೆ ಈ ಹುಚ್ಚು ಏರಿದ್ದು ಕೆಂಪು ಮಣ್ಣಿನ ಜೊತೆಗೆ. ೨೦೦೪ರ ಆಸುಪಾಸಿನಲ್ಲಿ ಅದಿರಿಗೆ ಬಂಗಾರದ ಬೆಲೆ ಬಂತು. ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿಯ ಹಿಂದೆ ಲಾರಿ. ಲಾರಿ ಕೊಂಡವರು ಮಹಡಿ ಕಟ್ಟಿದರು, ಮಹಡಿ ಕಟ್ಟಿದವರು ಅದರ ಮೇಲೆ ಐದು ಸ್ಪೀಕರು, ಒಂದು ಸಬ್‌ವೂಫರ್ ಕೂರಿಸಿದರು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೂ ಆ ಧೂಳು ಬರುತ್ತಿತ್ತು, ಅದನ್ನು ಸ್ಪೀಕರಿನ ಜಾಲರಿಯಿಂದ ಬ್ರಷ್ಷಿನಲ್ಲಿ ತೆಗೆಯುವ ಕೆಲಸ ಯಾರದೆಂದು ಹೇಳಬೇಕಿಲ್ಲ. ೨೦೧೧ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಆಗ ಮನೆಯಿಂದ ಮೊದಲು ಹೊರಗೆ ಹೋದದ್ದು ಹೆಂಡತಿಯ ಬಳೆ. ಸ್ಪೀಕರು ಗೋಡೆಯ ಮೇಲೇ ಉಳಿಯಿತು, ಏಕೆಂದರೆ ಹಳೆಯ ಸ್ಪೀಕರನ್ನು ಅಡವಿಟ್ಟುಕೊಳ್ಳುವ ಬ್ಯಾಂಕು ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಯಾವುದು ಆಸ್ತಿ, ಯಾವುದು ಶೋಕಿ ಎಂಬ ವ್ಯತ್ಯಾಸ ಆ ವರ್ಷ ನಮ್ಮ ಓಣಿಯ ಎಷ್ಟೋ ಹೆಂಗಸರ ಬರಿಗೈಯಲ್ಲಿ ಕಾಣುತ್ತಿತ್ತು.

ಹೊರದೇಶದ ಮಾಲಿನ ಕಥೆ ಬೇರೆ. ಕಂಪ್ಲಿಯ ನಮ್ಮ ಬೀಗರ ಮನೆಗೆ ಅಮೆರಿಕದಿಂದ ಆಂಪ್ಲಿಫೈಯರ್ ಬಂತು. ಅಲ್ಲಿನ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ಬೀಗರ ತಮ್ಮ ಪೆಟ್ಟಿಗೆ ಒಡೆದವನೇ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದ. ಹಾಡಲಿಲ್ಲ, ವಾಸನೆ ಬಂತು. ರಿಪೇರಿಗೆ ಬೆಂಗಳೂರು, ಹೋಗಿಬರುವ ಸಾಗಾಣಿಕೆ, ಜೊತೆಗೆ ವೋಲ್ಟೇಜ್ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್. ಅದು ರುಬ್ಬುಗುಂಡಿಗಿಂತ ಭಾರ, ಹಾಡದಿದ್ದರೂ ಇಡೀ ದಿನ ತಾನೇ ಗುಂಯ್ ಎನ್ನುತ್ತದೆ. "ಫಾರಿನ್ ಮಾಲು ನೋಡ್ರಿ ಅಕ್ಕಾರ" ಎಂದು ನನಗೆ ತೋರಿಸಿದರು. ನೋಡಿದೆ.

ಕೆಟ್ಟಿದೆ ಎಂದು ಮೂಲೆಗೆ ತಳ್ಳುವವುಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಕ್ಯಾಸೆಟ್ ಓಡದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಅದು ಧೂಳು. ಸ್ಪೀಕರ್ ಹರಕಲು ದನಿ ಮಾಡಿದರೆ ಅದರ ಅಂಚಿನ ಫೋಮ್ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುವಂಥದು, ಅಂಚು ಮಾತ್ರ ಬದಲಿಸಬಹುದು. ಇವನ್ನೆಲ್ಲ ಸ್ಕ್ರೂಡ್ರೈವರ್ ಹಿಡಿದು ಸಣ್ಣ ಅಂಗಡಿಯಲ್ಲಿ ಮಾಡಿಕೊಡುತ್ತಿದ್ದವರ ಹೊಟ್ಟೆಗೆ ಈ 'ಎಕ್ಸ್‌ಚೇಂಜ್ ಆಫರ್' ಕಲ್ಲು ಹಾಕಿತು. ಇನ್ನೊಂದು ಮಾತು. ಮೂಲೆಗೆ ಒತ್ತಿಟ್ಟ ಸ್ಪೀಕರನ್ನು ಎರಡಡಿ ಈಚೆಗೆ ಎಳೆದು, ಬರಿ ಗೋಡೆಗೆ ದಪ್ಪ ಪರದೆ ಹಾಕಿ, ನೆಲಕ್ಕೊಂದು ಜಮಖಾನ ಹಾಸಿ ನೋಡಿ. ಹೊಸ ಪೆಟ್ಟಿಗೆ ತಂದರೂ ಆಗದ ಸುಧಾರಣೆ ಅದರಲ್ಲಿ ಆಗುತ್ತದೆ. ಖರ್ಚಿಲ್ಲದ ಉಪಾಯವಾದ್ದರಿಂದ ಗಂಡಸರಿಗೆ ಇದು ರುಚಿಸದು.

ನನ್ನ ಸಿಟ್ಟು ಬರೀ ದುಡ್ಡಿನದಲ್ಲ. ಅಷ್ಟೆಲ್ಲ ಖರ್ಚು ಮಾಡಿ ತಂದ ಯಂತ್ರವನ್ನು ಹಾಕುವ ಅಧಿಕಾರ ಮನೆಯ ಹೆಂಗಸಿಗೆ ಇರುವುದಿಲ್ಲ. ಒರೆಸಲು ಅವಳು ಬೇಕು, ಮುಟ್ಟಲು ಬೇಡ. "ಸೆಟ್ಟಿಂಗ್ ಹೋಗತೈತಿ, ನೀ ಕೈ ಹಚ್ಚಬ್ಯಾಡ." ಕೆಲವರು ಇದಕ್ಕೆ ಹೆದರಿಯೇ ಅಡಿಗೆಮನೆಯಲ್ಲಿ ಅಂಗೈಯಗಲದ ರೇಡಿಯೋ ಇಟ್ಟುಕೊಂಡು ಹೊಸಪೇಟೆ ಆಕಾಶವಾಣಿ ಕೇಳುತ್ತಾರೆ. ನಡುಮನೆಯ ಆ ದೊಡ್ಡ ಪೆಟ್ಟಿಗೆಯಲ್ಲಿ ನಡೆಯುವುದಾದರೂ ಏನು? ನೆಂಟರು ಬಂದಾಗ ಅರ್ಧ ಹಾಡು ಹಾಕಿ, "ಬಾಸ್ ಕೇಳಿದ್ರಾ?" ಎಂದು ಕೇಳಿ, ಮುಂದಿನ ಅರ್ಧ ಹಾಡಿಗೆ ಹೋಗುವುದು. ಹಂಪಿಯ ವಿಠ್ಠಲ ದೇವಾಲಯದ ನಾದದ ಕಂಬಗಳಿಗೆ ಆದ ಗತಿಯೂ ಇದೇ. ಬಂದವರೆಲ್ಲ ಬಡಿದು ಬಡಿದು ಕೊನೆಗೆ ಮುಟ್ಟಲೇಬಾರದೆಂದು ನಿಷೇಧ ಹಾಕಬೇಕಾಯಿತು.

ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಬುರ್ರಕಥೆಯ ಈರಮ್ಮ ಇದ್ದರು. ಅಕ್ಷರ ಬಾರದ ಹೆಂಗಸು, ಅಲೆಮಾರಿ ಕುಲದವರು. ನಮ್ಮ ಕಂಪ್ಲಿಯ ಕುಮಾರರಾಮನ ಕಥೆಯೂ ಸೇರಿದಂತೆ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ೨೦೧೪ರಲ್ಲಿ ತೀರಿಕೊಂಡರು. ಮನೆಯಲ್ಲಿ ಐದು ಸ್ಪೀಕರ್ ಜೋಡಿಸಿದ ಮಹನೀಯರಲ್ಲಿ ಎಷ್ಟು ಜನ ಒಂದು ರಾತ್ರಿ ದರೋಜಿಗೆ ಹೋಗಿ ಕೂತಿದ್ದರೋ! ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ, ಟಿಕೆಟ್ಟಿಲ್ಲ, ವಾಟಿನ ಗೊಡವೆಯಿಲ್ಲ.

ಇಷ್ಟು ಹೇಳಿದರೆ ತಪ್ಪದೆ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ: "ನೀವು ಸೀರೆ ತಗೊಳ್ಳೋದಿಲ್ಲೇನು?" ತಗೊಳ್ಳುತ್ತೇವೆ ಸ್ವಾಮಿ. ಆದರೆ ನನ್ನ ಸೀರೆ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರ ಕಿವಿಯೊಳಗೆ ನುಗ್ಗುವುದಿಲ್ಲ. ಹಳೆಯದಾದರೆ ಕೌದಿಯಾಗುತ್ತದೆ, ಮೊಮ್ಮಗುವಿಗೆ ಜೋಲಿಯಾಗುತ್ತದೆ. ನಿಮ್ಮ ಹಳೆಯ ಸಬ್‌ವೂಫರ್ ಈಗ ಎಲ್ಲಿದೆ ಹೇಳಿ? ನಮ್ಮ ಮನೆಯದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ, ಎತ್ತರಕ್ಕೆ ಸರಿಯಾಗಿದೆ.