ಬೀಗದ ಕೈ ಕೈಕೊಡದಿರಲಿ

ಬೀಗ ತೆರೆಯುವ ವಸ್ತುವಿಗೆ ‘ಬೀಗದ ಕೈ’ ಎಂದು ಹೆಸರಿಟ್ಟ ನಮ್ಮ ಹಿರಿಯರ ಜಾಣ್ಮೆಗೆ ನಾನು ಅನೇಕ ಬಾರಿ ತಲೆದೂಗಿದ್ದೇನೆ. ಬೀಗಕ್ಕೂ ಒಂದು ಕೈ ಉಂಟು. ಆ ಕೈ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊತ್ತಮೊದಲ ಮಾರುತಿ 800 ಕಾರನ್ನು ಹರ್ಪಾಲ್ ಸಿಂಗ್ ಅವರಿಗೆ ಒಪ್ಪಿಸಿದಾಗಲೂ ಅವರ ಕೈಗಿತ್ತದ್ದು ಕೀಲಿಯನ್ನೇ.

ಈಗ ಆ ಕೈಯನ್ನು ಮಡಚುವ ಕಾಲ. ಗುಂಡಿ ಒತ್ತಿದೊಡನೆ ಚಾಕುವಿನ ಅಲಗಿನಂತೆ ಹೊರಚಿಮ್ಮುವ ‘ಫ್ಲಿಪ್ ಕೀ’ಗಳು 1990ರ ದಶಕದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಿಂದ ಹೆಸರಾದವು. ಇಂದು ಹಳೆಯ ಕಾರುಗಳಿಗೂ ಅವನ್ನು ಹೊಂದಿಸಿಕೊಳ್ಳುವ ಹಂಬಲ ಹಲವರಲ್ಲಿದೆ. 1999ರಲ್ಲಿ ಕೊಂಡ ನನ್ನ ಮಾರುತಿ 800ಕ್ಕೂ ಅಂಥದೊಂದನ್ನು ಹಾಕಿಸೋಣವೆಂದು ಮೊಮ್ಮಗ ಒತ್ತಾಯಿಸುತ್ತಿದ್ದಾನೆ. “ತಾತ, ಕಾರು ಹಳೆಯದಾದರೇನು, ಕೀ ಹೊಸದಾಗಲಿ” ಎಂಬುದು ಅವನ ವಾದ. ನಾನು ಅದನ್ನು ವಿರೋಧಿಸುವವನಲ್ಲ. ಕೀಲಿಯು ಒಡವೆಯಲ್ಲ, ಕಾರಿನದೇ ಒಂದು ಅಂಗ ಎಂಬುದನ್ನು ಮರೆಯದೆ ಮಾಡಿಸಬೇಕು ಎಂಬುದಷ್ಟೇ ನನ್ನ ನಿಲುವು.

ಅನುಕೂಲವಿಲ್ಲವೆಂದಲ್ಲ. ಮಡಚಿದ ಕೀಲಿ ಜೇಬನ್ನು ಹರಿಯುವುದಿಲ್ಲ. ಅದರಲ್ಲಿ ರಿಮೋಟ್ ಇದ್ದರೆ, ಮಳೆಯಲ್ಲಿ ಎರಡೂ ಕೈಗಳಲ್ಲಿ ಚೀಲ ಹಿಡಿದು ನಿಂತವರಿಗೆ, ಬೆರಳಿನ ಗಂಟುಗಳು ನೋಯುವ ನನ್ನಂಥ ವಯಸ್ಸಾದವರಿಗೆ ಅದು ವರವೇ ಸರಿ. ಆದರೆ ನನ್ನ ಕಾರಿನಂಥ ಹಳೆಯ ಕಾರಿನಲ್ಲಿ ಕೀಲಿಯನ್ನು ಮಾತ್ರ ಬದಲಿಸಿದರೆ ಗುಂಡಿ ಒತ್ತಿದಾಗ ಬಾಗಿಲು ತೆರೆಯದು. ಪ್ರತಿ ಬಾಗಿಲಿನೊಳಗೂ ಪುಟ್ಟ ಮೋಟಾರು, ಅವುಗಳಿಗೆ ಆಜ್ಞೆ ನೀಡುವ ಪೆಟ್ಟಿಗೆ, ತಂತಿಗಳ ಜೋಡಣೆ ಇವೆಲ್ಲವೂ ಬೇಕು. ಅವಿಲ್ಲದೆ ಕೊಂಡದ್ದು ಬರಿಯ ಹೊಸ ಅಂಗಿ.

ಮೊದಲ ಎಚ್ಚರಿಕೆ ಕೀಲಿಯ ಹಲ್ಲುಗಳದು. ಬೀಗದೊಳಗಿನ ತೆಳುವಾದ ಪಟ್ಟಿಗಳನ್ನು ಕೀಲಿಯ ಹಲ್ಲುಗಳು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸಿದಾಗ ಮಾತ್ರ ಬೀಗ ತಿರುಗುತ್ತದೆ. ಇಪ್ಪತ್ತು ವರ್ಷ ದುಡಿದ ಕೀಲಿಯ ಹಲ್ಲುಗಳು ಸವೆದಿರುತ್ತವೆ. ಅದನ್ನೇ ನೋಡಿ ಹೊಸದನ್ನು ಕತ್ತರಿಸಿದರೆ ಸವೆತವೂ ನಕಲಾಗುತ್ತದೆ. ತರಗತಿಯಲ್ಲಿ ಒಬ್ಬನ ಟಿಪ್ಪಣಿಯನ್ನು ಇನ್ನೊಬ್ಬ, ಅವನದನ್ನು ಮತ್ತೊಬ್ಬ ಬರೆದುಕೊಂಡಾಗ ಮೊದಲನೆಯವನ ತಪ್ಪು ಮೂರನೆಯವನ ಪುಸ್ತಕದಲ್ಲಿ ಪಾಠವೇ ಆಗಿಬಿಡುವುದನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ. ಅನೇಕ ಕಾರುಗಳಿಗೆ ಕೊಳ್ಳುವಾಗಲೇ ಕೀಲಿಯ ಸಂಖ್ಯೆಯಿರುವ ಪುಟ್ಟ ಲೋಹದ ಬಿಲ್ಲೆಯನ್ನು ಕೊಟ್ಟಿರುತ್ತಾರೆ. ಆ ಸಂಖ್ಯೆಯ ಆಧಾರದಲ್ಲಿ ಕತ್ತರಿಸಿದ ಕೀಲಿಯೇ ಉತ್ತಮ. ಬಿಲ್ಲೆ ಕಳೆದಿದ್ದರೆ, ಬೀರುವಿನಲ್ಲಿ ಸವೆಯದೆ ಮಲಗಿರುವ ಎರಡನೆಯ ಕೀಲಿಯನ್ನು ಮಾದರಿಯಾಗಿ ಕೊಡಿ.

ಎರಡನೆಯದು ಕಣ್ಣಿಗೆ ಕಾಣದ ಚಿಪ್. ಬ್ರಿಟನ್ನಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಳವು ತಡೆಯುವ ಇಮ್ಮೊಬಿಲೈಸರ್ ಕಡ್ಡಾಯವಾಯಿತು; ಕಾಲಕ್ರಮದಲ್ಲಿ ನಮ್ಮ ದೇಶದ ಕಾರುಗಳಿಗೂ ಅದು ಬಂದಿತು. ಅಂಥ ಕಾರಿನ ಕೀಲಿಯ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಒಂದು ಅಡಗಿರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಗುರುತು ಹೊಂದದಿದ್ದರೆ ಇಂಜಿನ್ ಓಡದು.

ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರು ಇಂಥ ಕಾರಿಗೆ ಮಡಚು ಕೀಲಿ ಮಾಡಿಸಿದರು. ಬಾಗಿಲು ಸೊಗಸಾಗಿ ತೆರೆಯಿತು, ಇಂಜಿನ್ ಮಾತ್ರ ಓಡಲಿಲ್ಲ. ಚಿಪ್ಪು ಹಳೆಯ ಕೀಲಿಯ ಪ್ಲಾಸ್ಟಿಕ್ ತಲೆಯೊಡನೆ ಅಂಗಡಿಯ ಕಸದ ಡಬ್ಬಿ ಸೇರಿತ್ತು! ಪುಣ್ಯಕ್ಕೆ ಡಬ್ಬಿಯನ್ನು ಇನ್ನೂ ಚೆಲ್ಲಿರಲಿಲ್ಲ. ಹೊಸ ಕೀಲಿಯನ್ನು ಪರೀಕ್ಷಿಸುವಾಗ ಹಳೆಯದನ್ನು ದೂರವಿಡಬೇಕೆಂಬುದೂ ನೆನಪಿರಲಿ. ಒಂದೇ ಗೊಂಚಲಿನಲ್ಲಿದ್ದರೆ ಹಳೆಯದರ ಚಿಪ್ಪೇ ಹೊಸದರ ಪರವಾಗಿ ಉತ್ತರ ಹೇಳೀತು. ಪರೀಕ್ಷೆಯಲ್ಲಿ ಪಕ್ಕದವನು ಹೇಳಿಕೊಟ್ಟಂತೆ.

ಮೂರನೆಯದು ಕೀಲು ಮತ್ತು ಭಾರ. ಮಡಚು ಕೀಲಿಯಲ್ಲಿ ನಾವು ತಿರುಗಿಸುವ ಬಲವನ್ನೆಲ್ಲ ತಾಳುವುದು ಅಲಗನ್ನು ಹಿಡಿದಿರುವ ಸಣ್ಣ ಉಕ್ಕಿನ ಪಿನ್ನು ಮತ್ತು ಅದರ ಸುತ್ತಲಿನ ಪ್ಲಾಸ್ಟಿಕ್. ಹಳೆಯ ಬೀಗ ಬಿಗಿಯಾಗಿದ್ದರೆ ಅಗ್ಗದ ಕವಚ ಬಿರಿದು ಅಲಗು ಬೀಗದಲ್ಲೇ ಉಳಿಯಬಹುದು. ಇದರ ಜೊತೆಗೆ ಮನೆಯ ಕೀಲಿ, ಬೀರುವಿನ ಕೀಲಿ, ದೇವರ ಬಿಲ್ಲೆಗಳನ್ನೆಲ್ಲ ತೂಗುಹಾಕುವುದು ತರವಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಲಕ್ಷಾಂತರ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಂಡಿತು. ಅವುಗಳ ಇಗ್ನಿಷನ್ ಸ್ವಿಚ್ ಸಡಿಲವಾಗಿದ್ದು, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಕೀಲಿ ಚಲಿಸುವಾಗಲೇ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಲ್ಲುತ್ತಿತ್ತು, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124. ಅದೇ ವರ್ಷ ಬೇರೆ ಕೆಲವು ಮಾದರಿಗಳಿಗೆ ಮಾಡಿದ ದುರಸ್ತಿಯಾದರೂ ಏನು? ಕೀಲಿಯ ತಲೆಯಲ್ಲಿದ್ದ ಉದ್ದನೆಯ ಸೀಳನ್ನು ಮುಚ್ಚಿ, ಗೊಂಚಲು ಆಚೀಚೆ ಓಲಾಡದಂತೆ ಸಣ್ಣ ದುಂಡು ರಂಧ್ರವನ್ನಷ್ಟೇ ಉಳಿಸಿದ್ದು. ಆ ಸ್ವಿಚ್ಚಿನ ದೋಷ ನಮ್ಮ ಕಾರುಗಳಲ್ಲಿ ಇದೆಯೆಂದು ನಾನು ಹೇಳುತ್ತಿಲ್ಲ. ಕೀಲಿಯ ಆಕಾರವೂ ತೂಕವೂ ಯಂತ್ರದ ಲೆಕ್ಕಕ್ಕೇ ಸೇರಿದವು ಎಂಬುದಕ್ಕೆ ಇದಕ್ಕಿಂತ ದಾರುಣವಾದ ಪಾಠ ಬೇಡ.

ಕಡೆಯ ಮಾತು ಹಳೆಯ ಕೀಲಿಯದು. ಅದನ್ನು ಎಸೆಯಬೇಡಿ. ಕಾರು ಕಳವಾದರೆ ಪರಿಹಾರ ಕೊಡುವ ಮೊದಲು ವಿಮಾ ಕಂಪನಿಗಳು ಸಾಮಾನ್ಯವಾಗಿ ಮೂಲ ಕೀಲಿಗಳೆರಡನ್ನೂ ಕೇಳುತ್ತವೆ. ಒಂದು ಇಲ್ಲದಿದ್ದರೆ ಪ್ರಶ್ನೆಗಳು ಏಳುತ್ತವೆ. ನಕಲು ಮಾಡುವವರು ಕಾರಿನ ಆರ್‌ಸಿ ಕೇಳಿದರೆ ಸಿಟ್ಟಾಗಬೇಡಿ. ಕೇಳದವರ ಬಳಿ ಹೋಗಲೇಬೇಡಿ. ಯಾರ ಕಾರೆಂದು ವಿಚಾರಿಸದೆ ನಿಮಗೊಂದು ಕೀಲಿ ಮಾಡಿಕೊಡುವಾತ, ನಿಮ್ಮ ಕಾರಿನದೇ ಇನ್ನೊಂದನ್ನು ಮತ್ತೊಬ್ಬನಿಗೂ ವಿಚಾರಿಸದೆ ಮಾಡಿಕೊಟ್ಟಾನು.

ಮೊಮ್ಮಗನಿಗೆ ನಾನು ಕೊಟ್ಟ ತೀರ್ಪು ಇಷ್ಟು: ಸಂಖ್ಯೆಯ ಆಧಾರದಲ್ಲಿ ಹೊಸ ಅಲಗನ್ನು ಕತ್ತರಿಸಿ ಮಡಚು ಕೀಲಿ ಮಾಡಿಸಲಿ, ಗೊಂಚಲಿಲ್ಲದೆ ಒಂಟಿಯಾಗಿ ಬಳಸಲಿ. ಮೂಲ ಕೀಲಿಗಳೆರಡೂ ಬೀರುವಿನಲ್ಲಿ ಭದ್ರವಾಗಿರಲಿ. ಹೊಸತನ್ನು ಹಿಡಿಯುವುದಕ್ಕಾಗಿ ಹಳೆಯದರ ಕೈ ಬಿಡಬೇಕಾಗಿಲ್ಲ. ಸರಿಯಾಗಿ ಮಾಡಿಸಿದ ಬೀಗದ ಕೈ ಮಡಚಿಕೊಂಡರೂ ಚಿಂತೆಯಿಲ್ಲ, ನಡುದಾರಿಯಲ್ಲಿ ಕೈಕೊಡದಿದ್ದರೆ ಸಾಕು.